ವರ್ಷಕ್ಕೊಂದು ಅಕ್ಕಿಕಾಳು

ಹಾಸನದಲ್ಲಿ ನಿವೃತ್ತರ ಬಳಗವೊಂದರ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಹೇಳಲು ಮರೆತ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅರ್ಧ ಗಂಟೆ ಅಲುಗದೆ ಕೂರಲು ನನ್ನಿಂದಾಗದು. ನಡುವೆ ಎದ್ದು ನಿಲ್ಲುತ್ತೇನೆ, ನಾಲ್ಕು ಹೆಜ್ಜೆ ಹಾಕುತ್ತೇನೆ. ನೀವೂ ಏಳಿ. ದೊಡ್ಡವರು ಮಾತಾಡುವಾಗ ಮಧ್ಯೆ ಎದ್ದರೆ ಅಗೌರವ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನೇ. ಆ ಪಾಠವನ್ನು ಈಗ ವಾಪಸ್ ಪಡೆದಿದ್ದೇನೆ.

ಸಂಘಟಕರು ನನಗೆ ಕೊಟ್ಟ ವಿಷಯ ‘ನೋವಿನಿಂದ ಮುಕ್ತಿ: ಅಧ್ಯಾತ್ಮದ ದಾರಿ’. ‘ಆ ಮುಕ್ತಿ ಅನ್ನೋ ಪದ ತೆಗೀರಿ, ನನಗೇ ಸಿಕ್ಕಿಲ್ಲ’ ಎಂದು ಫೋನಿನಲ್ಲೇ ಹೇಳಿದೆ. ಅಷ್ಟರಲ್ಲಿ ಆಹ್ವಾನ ಪತ್ರಿಕೆ ಅಚ್ಚಾಗಿತ್ತು. ಹಾಗಾಗಿ ಮುಕ್ತಿ ಪತ್ರಿಕೆಯಲ್ಲಿದೆ, ನನ್ನ ಮಾತಿನಲ್ಲಿ ಹುಡುಕಬೇಡಿ.

ನನ್ನ ನೋವಿಗೆ ಹುಟ್ಟಿದ ವರ್ಷ ಇದೆ. 2006. ಆಗ ನಾನು ಅರಸೀಕೆರೆ ಕಡೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್. ಆ ವರ್ಷ ಬಂದ ಚಿಕುನ್‌ಗುನ್ಯ ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರುತ್ತದೆ. ರಾಜ್ಯದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ಲೆಕ್ಕಕ್ಕೆ ಸಿಕ್ಕವು, ದೇಶದಲ್ಲೇ ಅತಿ ಹೆಚ್ಚು. ಲೆಕ್ಕಕ್ಕೆ ಸಿಗದವರು ಇನ್ನೆಷ್ಟೋ. ನಮ್ಮದು ನೀರಿಗೆ ಒದ್ದಾಡುವ ಸೀಮೆ. ವಾರಕ್ಕೊಮ್ಮೆ ಬರುವ ನೀರನ್ನು ಡ್ರಮ್ಮು, ತೊಟ್ಟಿ, ಕೊಡ ಎಲ್ಲದರಲ್ಲೂ ತುಂಬಿಡುತ್ತೇವೆ. ಈ ಜ್ವರ ತರುವ ಸೊಳ್ಳೆಗೆ ಕೊಳಚೆ ಬೇಡ, ಅಂಥ ತಿಳಿನೀರೇ ಬೇಕು. ಹೀಗೆ ಬರಗಾಲವೇ ಅದಕ್ಕೆ ಮನೆ ಕಟ್ಟಿಕೊಟ್ಟಿತು. ಒಂದೇ ತಿಂಗಳಲ್ಲಿ ಊರಿಗೆ ಊರೇ ಮುದುಕಾಯಿತು. ಇಪ್ಪತ್ತರ ಹುಡುಗರು ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಹೆಸರು ಕೇಳಿ ಇದು ಕೋಳಿಯಿಂದ ಬರುವ ಕಾಯಿಲೆ ಎಂದುಕೊಂಡು ಎಷ್ಟೋ ಜನ ಕೋಳಿ ತಿನ್ನುವುದನ್ನೇ ಬಿಟ್ಟರು. ನಮ್ಮದು ಲಿಂಗ ಕಟ್ಟಿದ ಮನೆ, ಕೋಳಿಯ ನೆರಳೂ ಸೋಕಿದ್ದಲ್ಲ. ‘ನಮಗೆ ಹೆಂಗೆ ಬಂತೇ ಇದು?’ ಎಂದು ನಮ್ಮತ್ತೆ ನನ್ನನ್ನೇ ಅನುಮಾನದಿಂದ ನೋಡಿದ್ದರು.

ಆ ಹೆಸರು ಆಫ್ರಿಕಾದ ಮಕೊಂಡೆ ಎಂಬ ಭಾಷೆಯದು, ‘ಬಾಗಿಸುವಂಥದ್ದು’ ಎಂದು ಅರ್ಥ. 1952ರಲ್ಲಿ ಈಗಿನ ಟಾಂಜಾನಿಯಾದ ಕಡೆ ಈ ಜ್ವರ ಹರಡಿದಾಗ ಅಲ್ಲಿನ ಜನ ಹಾಗೆ ಕರೆದರಂತೆ. ಇದು ಬಹಳ ತಡವಾಗಿ ನನಗೆ ತಿಳಿಯಿತು. ತಿಳಿದಾಗ ಯಾಕೋ ಸಮಾಧಾನವಾಯಿತು. ಕಾಣದ ದೇಶದ ಯಾರೋ ನನ್ನ ಸೊಂಟ ನೋಡಿಯೇ ಹೆಸರಿಟ್ಟಂತಿತ್ತು.

ಜ್ವರ ಐದು ದಿನಕ್ಕೆ ಇಳಿಯಿತು. ಹೆಚ್ಚಿನವರಿಗೆ ಕೀಲುನೋವೂ ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ಹೋಯಿತು. ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಆ ಕೆಲವರಲ್ಲಿ ನಾನೊಬ್ಬಳು. ಮಣಿಕಟ್ಟು, ಬೆರಳು, ಕಾಲಿನ ಹರಡು. ಬೆಳಿಗ್ಗೆ ಎದ್ದರೆ ಕೈ ಮುಷ್ಟಿ ಕಟ್ಟಿದ್ದು ಬಿಚ್ಚಲು ಎರಡು ಗಂಟೆ. ಶಾಲೆಯಲ್ಲಿ ಬೋರ್ಡಿನ ಮೇಲೆ ಕೈಯೆತ್ತಿ ಬರೆಯಲಾಗದೆ ಮಕ್ಕಳ ಕೈಯಲ್ಲೇ ಬರೆಸುತ್ತಿದ್ದೆ. ನಮ್ಮ ಕಡೆ ಮಕ್ಕಳ ಬರವಣಿಗೆ ಗೊತ್ತಲ್ಲ, ಮಹಾಪ್ರಾಣಗಳೆಲ್ಲ ಮಾಯ. ಎದ್ದು ತಿದ್ದೋಣ ಎಂದರೆ ನನ್ನಲ್ಲಿ ಅಲ್ಪಪ್ರಾಣವೂ ಉಳಿದಿರುತ್ತಿರಲಿಲ್ಲ.

ಡಾಕ್ಟರು ಕೇಳುತ್ತಾರೆ, ‘ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವಿಗೆ ಎಷ್ಟು ಅಂಕ ಕೊಡ್ತೀರಿ?’ ಜೀವನವಿಡೀ ಅಂಕ ಕೊಟ್ಟವಳಿಗೆ ಈ ಪ್ರಶ್ನೆಗೆ ಮಾತ್ರ ಉತ್ತರ ಹೊಳೆಯುತ್ತಿರಲಿಲ್ಲ. ಕನ್ನಡದಲ್ಲಿ ಕೇಳಿದ್ದರೆ ಹೇಳುತ್ತಿದ್ದೆ. ಚಳುಕು ಬೇರೆ, ಸೆಳೆತ ಬೇರೆ. ಕುಟುಕು, ಉರಿ, ಸಿಡಿತ, ಜೋಮು, ಇರಿತ, ಒಂದರಂತೆ ಒಂದಿಲ್ಲ. ಉಳುಕಿದ್ದಕ್ಕೂ ಹಿಡಿದುಕೊಂಡಿದ್ದಕ್ಕೂ ಔಷಧಿಯೇ ಬೇರೆ. ‘ಮೂಳೆ ಒಳಗೆ ಇರುವೆ ಹರಿದಂಗೆ’ ಎಂದು ನನ್ನ ತಾಯಿ ಹೇಳುತ್ತಿದ್ದಳು, ಅದಕ್ಕೆ ಹತ್ತರಲ್ಲಿ ಎಷ್ಟು? ಇನ್ನೊಂದು ಗಮನಿಸಿ, ನಾವು ನೋವು ‘ತಿನ್ನುತ್ತೇವೆ’. ‘ಪಾಪ, ಬಹಳ ನೋವು ತಿಂದಳು’ ಎನ್ನುತ್ತೇವೆ. ತಿಂದದ್ದು ಮೈಯಾಗುತ್ತದೆ ಎನ್ನುವುದನ್ನು ನಮ್ಮ ಭಾಷೆ ಎಂದೋ ಕಂಡುಕೊಂಡಿತ್ತು. ‘ವೇದನೆ’ ಎನ್ನುವ ಪದವನ್ನೇ ತೆಗೆದುಕೊಳ್ಳಿ. ವೇದಕ್ಕೂ ವೇದನೆಗೂ ಧಾತು ಒಂದೇ, ‘ವಿದ್’, ಅಂದರೆ ಅರಿ. ಅದರ ತದ್ಭವ ನಮ್ಮ ‘ಬೇನೆ’. ಕ್ಲಾಸಿನಲ್ಲಿ ತತ್ಸಮ ತದ್ಭವ ಹೇಳುವಾಗ ಈ ಜೋಡಿಯನ್ನು ಎಷ್ಟು ಸಲ ಬರೆಸಿದ್ದೆನೋ, ಮೈಗೆ ಬರುವವರೆಗೆ ಅರ್ಥ ಹತ್ತಿರಲಿಲ್ಲ.

ಓಡಾಟದ ಕತೆ ಉದ್ದ ಮಾಡುವುದಿಲ್ಲ. ಒಬ್ಬ ವೈದ್ಯರು ‘ರಿಪೋರ್ಟ್ ಎಲ್ಲ ನಾರ್ಮಲ್, ಮನಸ್ಸಿಗೆ ತಗೋಬೇಡಿ’ ಎಂದರು. ಒಬ್ಬಾತ ಪೊಟ್ಟಣದಲ್ಲಿ ಪುಡಿ ಕೊಟ್ಟ. ಮೂರೇ ದಿನಕ್ಕೆ ನೋವು ಮಂಗಮಾಯ, ಮೂರು ತಿಂಗಳಿಗೆ ಮುಖ ಹುಣ್ಣಿಮೆ ಚಂದ್ರನಂತೆ ಊದಿತ್ತು. ಪುಡಿಯಲ್ಲಿ ಸ್ಟೀರಾಯ್ಡ್ ಇತ್ತೆಂದು ಆಮೇಲೆ ನೋಡಿದ ವೈದ್ಯರು ಮುಖ ನೋಡಿಯೇ ಹೇಳಿದರು. ಕೊನೆಗೆ ಕೀಲುವಾತದ ತಜ್ಞರೊಬ್ಬರು ಸಿಕ್ಕರು. ಅವರು ಬರೆದ ಮಾತ್ರೆ ವಾರಕ್ಕೊಂದು ದಿನದ್ದು. ಈ ಮಾತ್ರೆ ತೆಗೆದುಕೊಳ್ಳುವವರು ಇಲ್ಲಿ ಯಾರಾದರೂ ಇದ್ದರೆ ಚೆನ್ನಾಗಿ ನೆನಪಿಡಿ, ವಾರಕ್ಕೊಂದು ಎಂದರೆ ವಾರಕ್ಕೊಂದೇ, ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ನಾನು ಇವತ್ತಿಗೂ ಔಷಧಿಯ ಮೇಲಿದ್ದೇನೆ. ಇನ್ನು ಮುಂದೆ ಹೇಳುವ ಜಪತಪದ ಮಾತು ಕೇಳಿ ಯಾರೂ ಮಾತ್ರೆ ಬಿಡಬೇಡಿ.

ನೋವು ಮೂರು ತಿಂಗಳು ದಾಟಿತೆಂದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎಂದು ಬೇರೆಯೇ ಪಟ್ಟಿಗೆ ಸೇರಿಸುತ್ತಾರೆ. ಅದು ಯಾಕೆ ಬೇರೆ ಎನ್ನುವುದನ್ನು ಸಕಲೇಶಪುರ, ಆಲೂರು ಕಡೆಯವರಿಗೆ ಸುಲಭವಾಗಿ ಹೇಳಬಹುದು. ತೋಟಕ್ಕೆ ಆನೆ ಬಂದರೆ ನಿಮ್ಮ ಮೊಬೈಲಿಗೆ ಎಚ್ಚರಿಕೆಯ ಸಂದೇಶ ಬರುತ್ತದೆ. ಬರಲೇಬೇಕು, ಇಲ್ಲದಿದ್ದರೆ ಕಾಫಿ ಕುಯ್ಯಲು ಹೋದವರ ಗತಿ ಏನು? ಆದರೆ ಆನೆ ಕಾಡಿಗೆ ಹೋಗಿ ತಿಂಗಳಾದರೂ ಮೊಬೈಲು ಬಡಿದುಕೊಳ್ಳುತ್ತಲೇ ಇದ್ದರೆ? ಬಡಿದು ಬಡಿದು ಕೊನೆಗೆ ಬೆಕ್ಕು ಓಡಾಡಿದರೂ ‘ಆನೆ’ ಎಂದರೆ? ನರಗಳೂ ಹಾಗೆ ಅಭ್ಯಾಸ ಬೆಳೆಸಿಕೊಳ್ಳುತ್ತವೆ. ನೋವು ಸುಳ್ಳಲ್ಲ, ಮೊಬೈಲು ನಿಜವಾಗಿಯೇ ಬಡಿದುಕೊಳ್ಳುತ್ತಿದೆ. ಆನೆ ಮಾತ್ರ ಅಷ್ಟು ದೊಡ್ಡದಿಲ್ಲ.

1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇನ್ನೊಂದು ಮಾತು ಹೇಳಿದರು. ಬೆನ್ನುಹುರಿಯಲ್ಲಿ ಬಾಗಿಲಿನಂಥ ಒಂದು ಏರ್ಪಾಡಿದೆ, ನೋವಿನ ಸುದ್ದಿ ಅದನ್ನು ದಾಟಿಯೇ ಮಿದುಳಿಗೆ ಹೋಗಬೇಕು. ಮೊಣಕೈ ಬಾಗಿಲಿಗೆ ತಾಕಿದರೆ ತಕ್ಷಣ ಉಜ್ಜಿಕೊಳ್ಳುತ್ತೇವಲ್ಲ, ಆ ಸ್ಪರ್ಶದ ಸುದ್ದಿ ಹೋಗಿ ನೋವಿಗೆ ಬಾಗಿಲನ್ನು ಸ್ವಲ್ಪ ಎಳೆದುಕೊಳ್ಳುತ್ತದೆ. ಮೇಲಿನಿಂದ ಮಿದುಳು ಕೂಡ ಆ ಬಾಗಿಲನ್ನು ಎಳೆಯಬಲ್ಲದು, ತೆರೆಯಬಲ್ಲದು. ಆ ಸಿದ್ಧಾಂತದ ವಿವರಗಳು ಆಮೇಲೆ ಬಹಳ ತಿದ್ದುಪಡಿಯಾಗಿವೆ. ಆದರೂ ಬಾಗಿಲಿನ ಮಾತು ನನಗಿಷ್ಟ. ವರ್ಷವೆಲ್ಲ ಹಾಸನಾಂಬೆಯ ಗುಡಿಯ ಮುಚ್ಚಿದ ಬಾಗಿಲ ಮುಂದೆ ಕೈ ಮುಗಿಯುವ ಹಾಸನದವರಿಗೆ ಬಾಗಿಲಿನ ಬಗ್ಗೆ ಹೆಚ್ಚು ವಿವರಣೆ ಬೇಕಿಲ್ಲ.

ಈಗ ದೇವರ ವಿಷಯ. ಮೊದಲ ಐದಾರು ವರ್ಷ ನಾನು ಮಾಡಿದ್ದನ್ನು ಭಕ್ತಿ ಎನ್ನಲಾರೆ. ಅದು ಅರ್ಜಿ. ಧರ್ಮಸ್ಥಳಕ್ಕೊಂದು ಹರಕೆ, ಹೊರನಾಡಿಗೊಂದು, ಶೃಂಗೇರಿಗೊಂದು. ಮನೆಯಲ್ಲಿ ಶಿವಪೂಜೆಗೆ ಕೂತರೂ ಅದೇ, ‘ಇದೊಂದು ತೆಗೆದುಬಿಡು, ಇನ್ನೇನೂ ಕೇಳಲ್ಲ’. ದಿನಾ ಅರ್ಜಿ, ದಿನಾ ತಿರಸ್ಕಾರ. ಯಾರೋ ಹೇಳಿದರು, ಬ್ರಾಹ್ಮೀ ಮುಹೂರ್ತದಲ್ಲಿ ಕೂತರೆ ಮಾತ್ರ ಫಲ ಎಂದು. ನನ್ನ ಬೆರಳುಗಳು ಅತ್ಯಂತ ಸೆಟೆದಿರುವ ಹೊತ್ತೇ ಅದು. ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ದೃಷ್ಟಿ ನಿಲ್ಲಿಸಬೇಕು. ಆ ಪುಟ್ಟ ಲಿಂಗದ ಭಾರ ಎಷ್ಟಿದ್ದೀತು? ಎರಡು ನಿಮಿಷಕ್ಕೆ ಮಣಿಕಟ್ಟು ನಡುಗುತ್ತಿತ್ತು. ಲಿಂಗ ಎಲ್ಲಿ ಬಿದ್ದೀತೋ ಎಂಬ ಭಯದಲ್ಲಿ ಶಿವನ ನೆನಪೇ ಇರುತ್ತಿರಲಿಲ್ಲ.

ಇದರ ಜೊತೆಗೆ ಕರ್ಮ ಸಿದ್ಧಾಂತಿಗಳು. ‘ಹಿಂದಿನ ಜನ್ಮದ್ದು ಕಣಮ್ಮ, ಅನುಭವಿಸಿ ತೀರಿಸಬೇಕು.’ ನನ್ನ ಕೋಪ ಇವತ್ತಿಗೂ ಪೂರ್ತಿ ಇಳಿದಿಲ್ಲ. ರಾಮಕೃಷ್ಣ ಪರಮಹಂಸರು 1886ರಲ್ಲಿ ಗಂಟಲಿನ ಕ್ಯಾನ್ಸರಿನಿಂದ ತೀರಿಕೊಂಡರು. ರಮಣ ಮಹರ್ಷಿಗಳ ತೋಳಿನ ಗೆಡ್ಡೆಯನ್ನು ಮತ್ತೆ ಮತ್ತೆ ಕತ್ತರಿಸಿದರೂ ಬೆಳೆದು 1950ರಲ್ಲಿ ಅವರೂ ಹೋದರು. ಬುದ್ಧನಿಗೆ ಬೆನ್ನುನೋವಿತ್ತು, ಇದು ನಿಮಗೆ ಗೊತ್ತೋ ಇಲ್ಲವೋ. ಕಪಿಲವಸ್ತುವಿನಲ್ಲಿ ಶಾಕ್ಯರ ಹೊಸ ಸಭಾಭವನದಲ್ಲಿ ರಾತ್ರಿ ಬಹಳ ಹೊತ್ತು ಉಪದೇಶ ಮಾಡಿ, ‘ಆನಂದ, ಮುಂದಿನದು ನೀನು ಹೇಳು, ನನ್ನ ಬೆನ್ನು ನೋಯುತ್ತಿದೆ, ಚಾಚಿಕೊಳ್ಳುತ್ತೇನೆ’ ಎಂಬರ್ಥದ ಮಾತು ಹೇಳಿ ಬಲಮಗ್ಗುಲಿಗೆ ಮಲಗಿಬಿಟ್ಟ ಎಂದು ಪಾಳಿ ಗ್ರಂಥಗಳಲ್ಲಿದೆ. ಇದನ್ನು ಓದಿದ ದಿನ ನಾನು ಒಬ್ಬಳೇ ಜೋರಾಗಿ ನಕ್ಕೆ. ಅವನೇ ಮಲಗಬಹುದಾದರೆ ನಾನು ಕುರ್ಚಿಯಲ್ಲಿ ಕೂತು ಪೂಜೆ ಮಾಡಿದರೆ ಯಾರ ಗಂಟು ಹೋಯಿತು?

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಬೆಳಗಾಗುವುದೇ ಬೇಡ ಎನಿಸಿದ ರಾತ್ರಿಗಳು ಬಂದು ಹೋಗಿವೆ. ಆಗ ಯಾರಿಗೂ ಹೇಳಲಿಲ್ಲ, ತಪ್ಪು ಮಾಡಿದೆ. ಈಗ ಟೆಲಿ ಮನಸ್ ಎಂದು ಸರ್ಕಾರದ್ದೇ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು. ಗೋಡೆಗೆ ಬರೆದಿಟ್ಟುಕೊಳ್ಳಿ, ನಿಮಗೆ ಬೇಡದಿದ್ದರೆ ಪಕ್ಕದ ಮನೆಯವರಿಗೆ ಬೇಕಾದೀತು.

ಬದಲಾವಣೆ ಬಂದದ್ದು ಯಾವ ಪ್ರವಚನದಿಂದಲೂ ಅಲ್ಲ. ನಮ್ಮ ಸೋದರತ್ತೆ ಒಂದು ವಾರ ಮನೆಗೆ ಬಂದು ಉಳಿದಿದ್ದರು. ಓದು ಬರಹ ಇಲ್ಲದ ಹೆಂಗಸು. ಬೆಳಗಿನ ಜಾವ ನಾನು ನಡುಗುವ ಕೈಯಲ್ಲಿ ಲಿಂಗ ಹಿಡಿದು ಒದ್ದಾಡುವುದನ್ನು ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಮೊಣಕೈ ಕೆಳಗೆ ತುರುಕಿದರು. ಬಿಸಿನೀರಿನಲ್ಲಿ ಕೈ ಅದ್ದಿಸಿದರು. ‘ಒಂಬತ್ತು ಗಂಟೆಗೆ ಕೂತ್ಕೊ. ಶಿವ ಎಲ್ಲಿಗೂ ಬಸ್ಸು ಹತ್ತಿ ಹೋಗಲ್ಲ’ ಎಂದರು. ಜಪಮಣಿ ತಿರುಗಿಸಲು ಬೆರಳು ಬಾಗದ್ದು ಕಂಡು ಗೆಣ್ಣೆಣಿಕೆ ಹೇಳಿಕೊಟ್ಟರು.

ನಿಮ್ಮಲ್ಲಿ ಹಲವರಿಗೆ ಇದು ಗೊತ್ತು, ಶಾಸ್ತ್ರದವರು ಕರಮಾಲೆ ಎನ್ನುತ್ತಾರೆ. ಬಲಗೈ ಹೆಬ್ಬೆರಳಿನಿಂದ ಎಣಿಸಬೇಕು. ಉಂಗುರ ಬೆರಳಿನ ನಡುಗೆಣ್ಣು ಒಂದು, ಅದರ ಬುಡ ಎರಡು. ಅಲ್ಲಿಂದ ಕಿರುಬೆರಳಿಗೆ, ಬುಡ ಮೂರು, ನಡು ನಾಲ್ಕು, ತುದಿ ಐದು. ಉಂಗುರ ಬೆರಳಿನ ತುದಿ ಆರು, ಮಧ್ಯದ ಬೆರಳಿನ ತುದಿ ಏಳು, ತೋರುಬೆರಳಿನ ತುದಿ ಎಂಟು, ನಡು ಒಂಬತ್ತು, ಬುಡ ಹತ್ತು. ಮಧ್ಯದ ಬೆರಳಿನ ಉಳಿದೆರಡು ಗೆಣ್ಣು ಮೇರು, ಅದನ್ನು ಮುಟ್ಟುವಂತಿಲ್ಲ. ಹತ್ತು ಸುತ್ತಾದರೆ ನೂರು, ಮೇಲೆ ಎಂಟು.

ಇದರಲ್ಲಿ ಏನು ಮಹಾ? ನನ್ನ ನೋವು ಕೂತಿದ್ದದ್ದೇ ಆ ಗೆಣ್ಣುಗಳಲ್ಲಿ. ವರ್ಷಗಟ್ಟಲೆ ಅವನ್ನು ಯಾರೂ ಮುಟ್ಟದಂತೆ ಕಾಪಾಡಿಕೊಂಡಿದ್ದೆ. ಈಗ ನಾನೇ ಒಂದೊಂದನ್ನೂ ಮುಟ್ಟಿ, ಒಂದು ಸಲ ‘ನಮಃ ಶಿವಾಯ’ ಎಂದು, ಅಲ್ಲಿ ನಿಲ್ಲದೆ ಮುಂದಿನದಕ್ಕೆ ಹೋಗಬೇಕು. ಮೊದಲ ವಾರ ಕಣ್ಣಲ್ಲಿ ನೀರು. ಎಷ್ಟನೆಯ ದಿನವೋ ನೆನಪಿಲ್ಲ, ಹತ್ತನೆಯ ಎಣಿಕೆಗೆ ಬಂದಾಗ ಗಕ್ಕನೆ ನಿಂತೆ. ತೋರುಬೆರಳಿನ ಬುಡ ನೋಯುತ್ತಲೇ ಇರಲಿಲ್ಲ! ಮತ್ತೆ ಒತ್ತಿದೆ. ಇಲ್ಲ. ನಾನು ಲೋಕಕ್ಕೆಲ್ಲ ‘ಕೈ ಪೂರಾ ನೋವು’ ಎಂದು ಸಾರಿಕೊಂಡು ತಿರುಗುತ್ತಿದ್ದೆ. ಅದರೊಳಗೆ ಒಂದು ಗೆಣ್ಣು ತನ್ನ ಪಾಡಿಗೆ ಸುಖವಾಗಿತ್ತು, ನಾನು ವಿಚಾರಿಸಿಯೇ ಇರಲಿಲ್ಲ. ಅಂದಿನಿಂದ ಹತ್ತು ಎಂದರೆ ನನಗೆ ನೆರಳಿನ ಕಟ್ಟೆ. ಒಂಬತ್ತು ನಡೆದು ಬಂದು ಹತ್ತರಲ್ಲಿ ಕೂರುತ್ತೇನೆ.

ಇದನ್ನು ಪವಾಡ ಮಾಡಬೇಡಿ. ಊತ ಇಳಿಯಲಿಲ್ಲ, ಮಳೆಗಾಲದಲ್ಲಿ ಈಗಲೂ ಮಲಗಿಬಿಡುತ್ತೇನೆ. ಒಂದು ಸಲ ಎರಡು ತಿಂಗಳು ಜಪವನ್ನೇ ಬಿಟ್ಟಿದ್ದೆ, ಸಿಟ್ಟಿನಿಂದ. ಆದರೆ ಅರ್ಜಿ ಹಾಕುವುದು ನಿಂತಿತು. ನಿಲ್ಲಿಸಬೇಕೆಂದು ನಿಲ್ಲಿಸಿದ್ದಲ್ಲ. ಎಣಿಸುವಾಗ ಬೇಡಲು ಸಂದು ಸಿಗುವುದಿಲ್ಲ, ಅಷ್ಟೇ. ಮೊದಲು ನನ್ನ ಆಸೆಗೆ ಒಂದೇ ಮುಖವಿತ್ತು, ‘ನಾಳೆ ವಾಸಿಯಾಗಿರುತ್ತೆ’. ಆ ಆಸೆ ದಿನಾ ಬೆಳಿಗ್ಗೆ ಏಳುವ ಮೊದಲೇ ಸೋಲುತ್ತಿತ್ತು. ಈಗಿನ ಭರವಸೆ ಸಣ್ಣದು. ಒಂಬತ್ತು ಗಂಟೆಗೆ ಕಂಬಳಿ ಇರುತ್ತೆ, ಬಿಸಿನೀರು ಇರುತ್ತೆ, ಹತ್ತನೆಯ ಗೆಣ್ಣು ಇರುತ್ತೆ.

ವಿಜ್ಞಾನ ಏನನ್ನುತ್ತದೆ ಎಂದು ನಿವೃತ್ತ ಮೇಷ್ಟ್ರುಗಳು ಕೇಳದೆ ಬಿಡುವುದಿಲ್ಲ. ಅಮೆರಿಕದಲ್ಲಿ ಜಾನ್ ಕಬತ್-ಜಿನ್ ಎನ್ನುವವರು 1979ರಿಂದ ಆಸ್ಪತ್ರೆಯಲ್ಲಿ ರೋಗಿಗಳಿಗೆ ಎಂಟು ವಾರದ ಧ್ಯಾನದ ತರಬೇತಿ ಕೊಡುತ್ತಾ ಬಂದರು, ಬೌದ್ಧರ ಧ್ಯಾನ, ಯೋಗ ಎರಡನ್ನೂ ಬೆರೆಸಿ. 2016ರಲ್ಲಿ ಆ ಕ್ರಮವನ್ನು ಬೆನ್ನುನೋವಿನ 342 ಜನರ ಮೇಲೆ ಪರೀಕ್ಷಿಸಿದ ವರದಿ ಬಂತು. ಆರು ತಿಂಗಳಿಗೆ ನೋಡಿದಾಗ, ಧ್ಯಾನ ಕಲಿತವರಲ್ಲಿ ನೂರಕ್ಕೆ ಸುಮಾರು 60 ಜನರ ಓಡಾಟ, ಕೆಲಸಕಾರ್ಯ ಗಮನಾರ್ಹವಾಗಿ ಸುಧಾರಿಸಿತ್ತು. ಮಾಮೂಲಿ ಚಿಕಿತ್ಸೆಯಲ್ಲೇ ಉಳಿದವರಲ್ಲಿ 44. ನಾನು ಅಂಕಪಟ್ಟಿಯನ್ನು ಎರಡೂ ಕಡೆಯಿಂದ ಓದುವವಳು. ಧ್ಯಾನ ಮಾಡಿಯೂ 40 ಜನಕ್ಕೆ ಅಷ್ಟು ಪ್ರಯೋಜನವಾಗಲಿಲ್ಲ. ಮಾಡದೆಯೂ 44 ಜನ ಸುಧಾರಿಸಿದರು. ಹೆಚ್ಚಿನ ಲಾಭ ನೂರಕ್ಕೆ ಹದಿನಾರು. ದೊಡ್ಡದಲ್ಲ, ಆದರೆ ಆ ಹದಿನಾರರಲ್ಲಿ ನೀವಿದ್ದರೆ ಸಣ್ಣದೂ ಅಲ್ಲ.

2018ರ ಮಹಾಮಸ್ತಕಾಭಿಷೇಕದ ಗಲಾಟೆಯೆಲ್ಲ ಮುಗಿದ ಮೇಲೆ ಶ್ರವಣಬೆಳಗೊಳಕ್ಕೆ ಹೋದೆವು. ವಿಂಧ್ಯಗಿರಿಯ ಮೆಟ್ಟಿಲು ಬರಿಗಾಲಲ್ಲಿ, ನನ್ನ ಹರಡಿಗೆ ಸಾಧ್ಯವೇ ಇಲ್ಲ. ಡೋಲಿ ಇದೆ ಎಂದರು, ನಾಲ್ಕು ಜನರ ಹೆಗಲ ಮೇಲೆ ಹೋಗುವುದು ಇನ್ನೂ ಬೇಡ ಎಂದೆ. ಎದುರಿನ ಚಂದ್ರಗಿರಿ ತಗ್ಗು, ಕೂತು ಎದ್ದು ಹತ್ತಿದೆ. ಅಲ್ಲಿಂದ ಆಚೆಯ ಬೆಟ್ಟದ ನೆತ್ತಿಯಲ್ಲಿ ಗೋಡೆಯ ಮೇಲೆ ಗೊಮ್ಮಟನ ಮುಖ ಮಾತ್ರ ಕಾಣುತ್ತದೆ. ಅವನು ನಿಂತ ಭಂಗಿಗೆ ಕಾಯೋತ್ಸರ್ಗ ಎನ್ನುತ್ತಾರೆ, ದೇಹದ ಹಂಗು ಬಿಟ್ಟು ನಿಲ್ಲುವುದು. ವರ್ಷ ಪೂರ್ತಿ ಹಾಗೆ ನಿಂತು ಕಾಲಿಗೆ ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು. ಕೈ ಮುಗಿದೆ. ಆದರೆ ಒಳಗೆ ಒಂದು ಜಗಳವೂ ಇತ್ತು. ಅವನು ಕಾಯವನ್ನು ಬಿಟ್ಟ, ಸರಿ. ನನ್ನ ಕಾಯ ನನ್ನನ್ನು ಬಿಡಬೇಕಲ್ಲ? ಅಂಥವರ ದಾರಿ ಅಂಥವರಿಗೆ. ನನಗೆ ಹತ್ತಿರದವಳು ಬೇರೆ ಇದ್ದಾಳೆ.

ಅವಳು ಹಾಸನಾಂಬೆಯ ಗುಡಿಯೊಳಗಿನ ಸೊಸೆ ಕಲ್ಲು. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆದ ಬಾಗಿಲು ಬಲಿಪಾಡ್ಯಮಿಯ ಮರುದಿನ ಮುಚ್ಚಿಹೋಗುತ್ತದೆ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಒಳಗೆ ಹೋದಾಗ ದೂಡುವ ನೂಕುನುಗ್ಗಲಿನಲ್ಲಿ ಹೆಚ್ಚಿನವರು ಅವಳನ್ನು ನೋಡುವುದೂ ಇಲ್ಲ. ಕತೆ ನಿಮಗೆಲ್ಲ ಗೊತ್ತು. ದೇವಿಯ ದರ್ಶನಕ್ಕೆ ಬಂದ ಸೊಸೆಯ ತಲೆಗೆ ಅತ್ತೆ ಚಂದ್ರಬಟ್ಟಲಿನಿಂದ ಹೊಡೆದಳು. ನೋವು ತಾಳದೆ ಸೊಸೆ ‘ಅಮ್ಮಾ ಹಾಸನಮ್ಮಾ’ ಎಂದು ಕೂಗಿದಳು. ಕರುಣೆ ಬಂದ ದೇವಿ ಅವಳನ್ನು ತನ್ನ ಸನ್ನಿಧಿಯಲ್ಲೇ ಕಲ್ಲಾಗಿಸಿದಳು. ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತದಂತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ.

ಚಿಕ್ಕಂದಿನಲ್ಲಿ ಈ ಕತೆ ಕೇಳಿ ಸಿಟ್ಟು ಬರುತ್ತಿತ್ತು. ಇದೆಂಥ ಕರುಣೆ? ಹೊಡೆದ ಅತ್ತೆಗಲ್ಲವೇ ಕಲ್ಲಾಗಿಸಬೇಕಿದ್ದು? ಆ ಸಿಟ್ಟು ಈಗಲೂ ಅರ್ಧ ಇದೆ. ಆದರೆ ಬೆಳಿಗ್ಗೆ ಎದ್ದು ಕೈಕಾಲು ಕಲ್ಲಾಗಿ ಬಿದ್ದಿರುವಾಗ ಅವಳ ನೆನಪಾಗುತ್ತದೆ. ಏಟು ತಿಂದವಳು. ಕೂಗಿದವಳು. ವಾಸಿಯಾಗದವಳು. ಆದರೂ ಸರಿಯುತ್ತಲೇ ಇರುವವಳು, ನೋಡಿದವರಿಗೆ ಕಾಣದಷ್ಟು. ಮೊನ್ನೆ ಮೊನ್ನೆ ಸಾಲಿನಲ್ಲಿ ನಿಂತಾಗ ಹಿಂದಿದ್ದ ಹುಡುಗಿ ‘ಆಂಟಿ, ಬೇಗ ಬೇಗ’ ಎಂದಳು. ‘ಆಗಲ್ಲಮ್ಮ, ನಮ್ಮದು ಅಕ್ಕಿಕಾಳಿನ ಲೆಕ್ಕ’ ಎಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ.

ಭಾಷಣ ಇಷ್ಟಕ್ಕೇ ನಿಂತಿತು. ಪ್ರಶ್ನೆಗಳಲ್ಲಿ ಒಬ್ಬರು, ಒಂಬತ್ತು ಗಂಟೆಗೆ ಮಾಡಿದ ಜಪಕ್ಕೆ ಪೂರ್ಣ ಫಲ ಉಂಟೇ ಎಂದು ಕೇಳಿದರು. ಫಲದ ಲೆಕ್ಕ ನಾನು ಇಟ್ಟಿಲ್ಲ ಎಂದೆ, ಅವರಿಗೆ ತೃಪ್ತಿಯಾದಂತೆ ಕಾಣಲಿಲ್ಲ.

ಕಾಫಿಯ ಹೊತ್ತಿಗೆ ಆಲೂರಿನ ಕಡೆಯ ಅಜ್ಜಿಯೊಬ್ಬರು ಪಕ್ಕ ಬಂದು ಕೂತರು. ಎಪ್ಪತ್ತೈದರ ಮೇಲಿರಬಹುದು, ಬೆರಳುಗಳು ಶುಂಠಿಯಂತೆ ಸೊಟ್ಟಗಾಗಿದ್ದವು. ‘ಅದೇನೋ ಗೆಣ್ಣು ಎಣ್ಸೋದು ಅಂದ್ರಲ್ಲ, ಇನ್ನೊಂದ್ಸಲ ತೋರ್ಸಿ’ ಎಂದರು. ಲೋಟ ಕೆಳಗಿಟ್ಟು ಇಬ್ಬರೂ ಎಣಿಸಿದೆವು. ಒಂದು, ಎರಡು. ಮೂರಕ್ಕೆ ಅವರ ಹೆಬ್ಬೆರಳು ಕಿರುಬೆರಳಿನ ಬುಡ ಮುಟ್ಟಲಿಲ್ಲ. ಮತ್ತೆ ನೋಡಿದರು, ಆಗಲಿಲ್ಲ. ಅದನ್ನು ಬಿಟ್ಟು ಮುಂದಕ್ಕೆ ಹೋದೆವು. ಸುತ್ತಿಗೆ ಒಂಬತ್ತೇ ಆಯಿತು. ಅಜ್ಜಿ ಸ್ವಲ್ಪ ಹೊತ್ತು ತುಟಿಯಲ್ಲೇ ಏನೋ ಲೆಕ್ಕ ಹಾಕಿ, ‘ಒಂಬತ್ತಾದ್ರೆ ಹನ್ನೆರಡು ಸುತ್ತಿಗೆ ನೂರೆಂಟು ಆಗೋಯ್ತು. ನಿಮ್ದೇ ತಾನೆ ಎಂಟು ಮೇಲೆ ಉಳಿಯೋದು?’ ಎಂದರು.